ಬರ್ಲಿನ್‌ಗೆ ಓದಲು ಬಂದವರು ಊರಿನ ಪರಿಚಯ ಮಾಡಿಕೊಳ್ಳುವುದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. "ಮಾಸ್ಟರ್ಸ್ ಮಾಡೋಕೆ ಬರ್ಲಿನ್‌ಗೆ ಬಂದಿದ್ದೀನಿ, ಏನೇನು ನೋಡಬೇಕು, ಒಂದು ಲಿಸ್ಟ್ ಕೊಡಿ." ಮಾರ್ಚ್‌ನಲ್ಲಿ ಇನ್ನೊಂದು ಬ್ಯಾಚು ಬಂದಾಗ ಮತ್ತದೇ. ಲಿಸ್ಟ್ ಕೊಡುವುದು ಕಷ್ಟವಲ್ಲ. ಆದರೆ ಲಿಸ್ಟ್ ಹಿಡಿದು ಹೊರಟವರು ಎರಡು ವಾರಾಂತ್ಯದಲ್ಲಿ ಬ್ರಾಂಡೆನ್‌ಬುರ್ಗ್ ಗೇಟು, ಟಿವಿ ಟವರು, ಬರ್ಲಿನ್ ಗೋಡೆಯ ಮುಂದೊಂದು ಸೆಲ್ಫಿ ಮುಗಿಸಿಬಿಡುತ್ತಾರೆ. ಆಮೇಲೆ ಎರಡು ವರ್ಷ ರೂಮು, ಕ್ಲಾಸು, ಪಾರ್ಟ್‌ಟೈಮ್ ಕೆಲಸ ಎಂದು ಮೂರೇ ಸ್ಟೇಷನ್ನುಗಳ ನಡುವೆ ಓಡಾಡಿ, ಡಿಗ್ರಿ ಹಿಡಿದು ಹೊರಟುಬಿಡುತ್ತಾರೆ.

ನೀವು ಮೂರು ದಿನಕ್ಕೆ ಬಂದ ಟೂರಿಸ್ಟ್ ಅಲ್ಲ. ನಿಮ್ಮ ಬಳಿ ಸಮಯವಿದೆ, ಓಡಾಡಲು ಪಾಸ್ ಇದೆ, ಕೈಯಲ್ಲಿ ದುಡ್ಡು ಮಾತ್ರ ಕಡಿಮೆ. ಅಂಥವರು ಈ ಊರನ್ನು ಸ್ಥಳಗಳ ಲೆಕ್ಕದಲ್ಲಿ ನೋಡುವುದಕ್ಕಿಂತ ರೈಲಿನ ಹಳಿಗಳ ಲೆಕ್ಕದಲ್ಲಿ ನೋಡುವುದು ಒಳ್ಳೆಯದು ಎಂಬುದು ನನ್ನ ಅನುಭವ. ಕೆಳಗಿನ ಕ್ರಮ ಅದರ ಪ್ರಕಾರವೇ ಇದೆ.

ಏನೇನು ಬೇಕು? ಹೆಚ್ಚೇನಿಲ್ಲ. ಚಾರ್ಜ್ ಇರುವ ಫೋನು, ಪವರ್‌ಬ್ಯಾಂಕು, ಪಾಸ್‌ಪೋರ್ಟ್ ಅಥವಾ ನಿಮ್ಮ ವಾಸದ ಪರವಾನಗಿ ಕಾರ್ಡು, ಸ್ವಲ್ಪ ಚಿಲ್ಲರೆ, ನೀರಿನ ಬಾಟಲಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಹಣ ಕೊಟ್ಟು ನೀರು ಕೊಳ್ಳಬೇಡಿ. ಒಂದು ದಪ್ಪ ಜಾಕೆಟ್ಟಿಗಿಂತ ಒಂದರ ಮೇಲೊಂದು ಹಾಕುವ ಮೂರು ತೆಳು ಬಟ್ಟೆ ಮೇಲು. ಇಲ್ಲಿನವರು ಇದನ್ನು "ಈರುಳ್ಳಿ ಸೂತ್ರ" ಎನ್ನುತ್ತಾರೆ. ರೈಲಿನೊಳಗೆ ಬಿಸಿ, ಹೊರಗೆ ಕೊರೆತ. ಸುಲಿಯುತ್ತಾ, ಸುತ್ತುತ್ತಾ ಇರಬೇಕು.

ಹಂತ 1: ಮೊದಲು ಟಿಕೆಟ್ ವಿಷಯ

ಬರ್ಲಿನ್ ಸ್ಟೇಷನ್ನುಗಳಲ್ಲಿ ಗೇಟಿಲ್ಲ, ತಡೆಯುವವರಿಲ್ಲ. ಮೆಟ್ಟಿಲಿಳಿದು ನೇರ ರೈಲು ಹತ್ತಬಹುದು. ಹೊಸಬರು ಎಡವುವುದು ಇಲ್ಲೇ. ಮಾಮೂಲಿ ಬಟ್ಟೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದವರು, ಬಾಗಿಲು ಮುಚ್ಚುತ್ತಿದ್ದಂತೆ ಗುರುತಿನ ಚೀಟಿ ತೆಗೆದು ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ 60 ಯೂರೊ ದಂಡ. "ಹೊಸಬ, ಗೊತ್ತಿರಲಿಲ್ಲ" ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕಾಗದದ ಟಿಕೆಟ್ ಕೊಂಡರೆ ಸಾಲದು, ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೇಲಿರುವ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದೂ ಇಲ್ಲದಂತೆ. ಒಂದು ಸಲದ ಟಿಕೆಟ್ 2 ಗಂಟೆ ನಡೆಯುತ್ತದೆ. ಆ ಹೊತ್ತಿನಲ್ಲಿ ರೈಲು, ಬಸ್ಸು, ಟ್ರಾಮು ಎಷ್ಟು ಬದಲಿಸಿದರೂ ಸರಿ, ಬಂದ ದಾರಿಯಲ್ಲಿ ವಾಪಸಾಗುವಂತಿಲ್ಲ.

ಊರನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದ್ದಾರೆ. ಊರಿನ ನಡುಭಾಗವನ್ನು ಸುತ್ತುವ ವರ್ತುಲ ರೈಲು ಮಾರ್ಗದ ಒಳಗೆ ಎ, ಅಲ್ಲಿಂದ ನಗರದ ಎಲ್ಲೆಯವರೆಗೆ ಬಿ, ಆಚೆಗೆ ಸಿ. 2020ರಲ್ಲಿ ಶುರುವಾದ ಬಿಇಆರ್ ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ವಿಮಾನ ಇಳಿದವರು ಎಬಿ ಟಿಕೆಟ್ ಕೊಂಡು ಊರಿಗೆ ಹೊರಟು, ಜರ್ಮನಿಯಲ್ಲಿ ಮೊದಲ ಖರ್ಚೇ ದಂಡವಾದ ಕತೆಗಳು ಬೇಕಾದಷ್ಟಿವೆ.

ಇನ್ನು ಸೆಮಿಸ್ಟರ್ ಟಿಕೆಟ್. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೆಮಿಸ್ಟರ್ ಕಟ್ಟುವ ಶುಲ್ಕದಲ್ಲೇ ಓಡಾಟದ ಪಾಸ್ ಸೇರಿರುತ್ತದೆ. 2024ರ ಬೇಸಿಗೆ ಸೆಮಿಸ್ಟರ್‌ನಿಂದ ಇದು ಇಡೀ ಜರ್ಮನಿಯ ನಗರ ಸಾರಿಗೆಗೂ ಪ್ರಾದೇಶಿಕ ರೈಲುಗಳಿಗೂ ನಡೆಯುವ ಪಾಸಾಯಿತು. ಐಸಿಇ, ಐಸಿಯಂಥ ವೇಗದ ರೈಲುಗಳಿಗೆ ಮಾತ್ರ ಇಲ್ಲ. ಇದರಲ್ಲಿ ಮೂರು ಮುಳ್ಳುಗಳಿವೆ. ಒಂದು, ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ, ಬೇಸಿಗೆಯದು ಏಪ್ರಿಲ್ 1ಕ್ಕೆ ಶುರು. ಸೆಪ್ಟೆಂಬರ್ ಎರಡನೇ ವಾರ ಬಂದಿಳಿದವರ ಬಳಿ ಅಡ್ಮಿಷನ್ ಪತ್ರವಿದ್ದರೂ ಪಾಸ್ ಇರುವುದಿಲ್ಲ. ಎರಡು, ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಪಾಸೇ ಇಲ್ಲ, ಸೇರುವ ಮುಂಚೆಯೇ ಕೇಳಿಕೊಳ್ಳಿ. ಮೂರು, ಪಾಸ್ ಇರುವುದು ಫೋನಿನಲ್ಲಿ. ಫೋನು ಸತ್ತರೆ ಪಾಸೂ ಸತ್ತಂತೆ. ಪವರ್‌ಬ್ಯಾಂಕ್ ಹೇಳಿದ್ದು ಇದಕ್ಕೇ.

ಯು-ಬಾನ್ ಅಂದರೆ ಬಹುಪಾಲು ನೆಲದಡಿ ಓಡುವ ಹಳದಿ ಮೆಟ್ರೊ. ಎಸ್-ಬಾನ್ ಅಂದರೆ ಬಹುಪಾಲು ನೆಲದ ಮೇಲೆ ಓಡುವ ನಗರ ರೈಲು. ಎರಡರಲ್ಲೂ ಬೋರ್ಡಿನ ಮೇಲೆ "ಉತ್ತರಕ್ಕೆ, ದಕ್ಷಿಣಕ್ಕೆ" ಎಂದಿರುವುದಿಲ್ಲ, ಕೊನೆಯ ನಿಲ್ದಾಣದ ಹೆಸರಿರುತ್ತದೆ. ನೀವು ದಿನವೂ ಓಡಾಡುವ ಮಾರ್ಗದ ಎರಡು ತುದಿಗಳ ಹೆಸರನ್ನು ಮೊದಲ ದಿನವೇ ಬಾಯಿಪಾಠ ಮಾಡಿ. ಇನ್ನೊಂದು ಪದ ಕಲಿಯಲೇಬೇಕು: ಶೀನೆನ್‌ಎರ್‌ಸಾಟ್ಸ್‌ಫೆರ್ಕೇರ್. ಹೆದರಬೇಡಿ, ಬೋರ್ಡಿನ ಮೇಲೆ ಎಸ್‌ಇವಿ ಎಂದಷ್ಟೇ ಬರೆದಿರುತ್ತಾರೆ. ಹಳಿ ರಿಪೇರಿ ನಡೆಯುತ್ತಿದೆ, ಈ ತುಂಡು ದಾರಿಗೆ ರೈಲಿಲ್ಲ, ಬದಲಿ ಬಸ್ಸು ಹಿಡಿಯಿರಿ ಎಂದರ್ಥ. ವಾರಾಂತ್ಯಗಳಲ್ಲಿ ಇದು ಮಾಮೂಲು. ಪರೀಕ್ಷೆಗೋ ಇಂಟರ್‌ವ್ಯೂಗೋ ಹೊರಡುವ ದಿನ ಅರ್ಧ ಗಂಟೆ ಮುಂಚೆ ಮನೆ ಬಿಡಿ.

ಹಂತ 2: ವಿಳಾಸ ಓದಲು, ಗಂಟೆ ಕೇಳಲು ಕಲಿಯುವುದು

ಮ್ಯಾಪ್ ಇದೆಯಲ್ಲ ಎನ್ನಬೇಡಿ. ಮ್ಯಾಪ್ ನಿಮ್ಮನ್ನು ತಪ್ಪು ಬೀದಿಗೂ ಅಷ್ಟೇ ನಂಬಿಕೆಯಿಂದ ಕರೆದೊಯ್ಯುತ್ತದೆ. ಇಂದಿನ ಬರ್ಲಿನ್ ಹುಟ್ಟಿದ್ದು 1920ರಲ್ಲಿ, ಹಳೆಯ ಬರ್ಲಿನ್‌ಗೆ ಸುತ್ತಲಿನ ಪಟ್ಟಣಗಳನ್ನೂ ಹಳ್ಳಿಗಳನ್ನೂ ಸೇರಿಸಿದಾಗ. ಅವುಗಳಲ್ಲಿ ಹಲವಕ್ಕೆ ತಮ್ಮದೇ ಬರ್ಲಿನರ್ ಷ್ಟ್ರಾಸೆ ಇತ್ತು. ಷ್ಟ್ರಾಸೆ ಅಂದರೆ ರಸ್ತೆ. ಹಾಗಾಗಿ ಒಂದೇ ಹೆಸರಿನ ರಸ್ತೆಗಳು ಈ ಊರಲ್ಲಿ ಹಲವಿವೆ, ಒಂದಕ್ಕೂ ಇನ್ನೊಂದಕ್ಕೂ ಗಂಟೆಯ ದಾರಿ. ಐದಂಕಿಯ ಪಿನ್‌ಕೋಡ್ ಇಲ್ಲದೆ ವಿಳಾಸ ಬರೆದುಕೊಳ್ಳಲೇಬೇಡಿ.

ಸರಿಯಾದ ರಸ್ತೆ ಸಿಕ್ಕಿದ ಮೇಲೂ ಮನೆ ನಂಬರು ಆಟವಾಡಿಸುತ್ತದೆ. ಒಂದು ಬದಿ ಬೆಸ, ಇನ್ನೊಂದು ಬದಿ ಸಮ ಎಂಬ ಲೆಕ್ಕ ಇಲ್ಲಿನ ಹಳೆಯ ರಸ್ತೆಗಳಲ್ಲಿ ನಡೆಯುವುದಿಲ್ಲ. ಒಂದು ಬದಿಯಲ್ಲಿ 1, 2, 3, 4 ಎಂದು ತುದಿಯವರೆಗೆ ಹೋಗಿ, ಅಲ್ಲಿ ರಸ್ತೆ ದಾಟಿ, ಎದುರು ಬದಿಯಲ್ಲಿ ಅದೇ ಎಣಿಕೆ ವಾಪಸ್ ಬರುತ್ತದೆ. ಕುದುರೆ ಲಾಳದ ಆಕಾರ. 5ನೇ ನಂಬರಿನ ಎದುರಿಗೆ 190 ಇದ್ದರೆ ಗಾಬರಿಯಾಗಬೇಡಿ. ಹೊಸ ರಸ್ತೆಗಳಲ್ಲಿ ಬೆಸ-ಸಮದ ಲೆಕ್ಕವೂ ಉಂಟು. ಕುರ್‌ಫ್ಯುರ್ಸ್ಟೆನ್‌ಡಾಮ್ ಎಂಬ ದೊಡ್ಡ ಅಂಗಡಿಬೀದಿಯಂತೂ ಶುರುವಾಗುವುದೇ 11ರಿಂದ! ಮೂಲೆಯ ಬೀದಿ ಹೆಸರಿನ ಫಲಕದ ಜೊತೆಗೆ ಸಣ್ಣ ಅಂಕಿಗಳಲ್ಲಿ ಆ ಕಟ್ಟಡಗಳ ಸಾಲಿನ ನಂಬರುಗಳು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರುತ್ತಾರೆ. ಕತ್ತೆತ್ತಿ ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ, ಮ್ಯಾಪಿಗಿಂತ ಬೇಗ ಕೆಲಸವಾಗುತ್ತದೆ.

ಗಂಟೆಯ ವಿಷಯದಲ್ಲಿ ನಾನು ಒಂದು ರೂಮನ್ನೇ ಕಳೆದುಕೊಂಡೆ. ಮನೆಯೊಡತಿ ಫೋನಿನಲ್ಲಿ "ಹಾಲ್ಪ್ ಡ್ರೈ" ಎಂದರು. ಡ್ರೈ ಅಂದರೆ ಮೂರು, ಹಾಲ್ಪ್ ಅಂದರೆ ಅರ್ಧ, ಮೂರೂವರೆ ಎಂದುಕೊಂಡು ಹೋದೆ. ಅಲ್ಲಿ ಅದು ಎರಡೂವರೆ. ಮೂರರತ್ತ ಅರ್ಧ ನಡೆದಿದೆ ಎಂಬ ಲೆಕ್ಕ. ಒಂದು ಗಂಟೆ ತಡವಾಗಿ ಬಂದವನಿಗೆ ಅವರು ಬಾಗಿಲನ್ನೂ ಪೂರ್ತಿ ತೆರೆಯಲಿಲ್ಲ. ಇದೇ ಲೆಕ್ಕದಲ್ಲಿ ಬರ್ಲಿನ್ ಕಡೆಯ ಹಳಬರು "ಫಿಯರ್ಟೆಲ್ ಡ್ರೈ" ಎಂದರೆ ಎರಡೂ ಕಾಲು, "ಡ್ರೈಫಿಯರ್ಟೆಲ್ ಡ್ರೈ" ಎಂದರೆ ಎರಡೂ ಮುಕ್ಕಾಲು. ಅಂಕಿಗಳನ್ನೂ ಹಿಂದುಮುಂದಾಗಿ ಹೇಳುತ್ತಾರೆ: 52ಕ್ಕೆ "ಎರಡು ಮತ್ತು ಐವತ್ತು". ಕೇಳಿಸಿಕೊಂಡದ್ದನ್ನು ಬರೆದು ತೋರಿಸಿ ಖಚಿತ ಮಾಡಿಕೊಳ್ಳಲು ನಾಚಿಕೊಳ್ಳಬೇಡಿ.

ಹಂತ 3: ವರ್ತುಲ ರೈಲಿನಲ್ಲಿ ಒಂದು ಸುತ್ತು

ಮೊದಲ ವಾರದಲ್ಲೇ, ಬೆಳಕಿರುವಾಗ, ಇದೊಂದು ಮಾಡಿ. ರಿಂಗ್‌ಬಾನ್ ಎಂಬ ಎಸ್-ಬಾನ್ ಮಾರ್ಗ ಊರಿನ ನಡುಭಾಗವನ್ನು ಸುಮಾರು 37 ಕಿಲೋಮೀಟರ್ ಸುತ್ತಿ, 27 ನಿಲ್ದಾಣ ದಾಟಿ, ಒಂದು ಗಂಟೆಯಲ್ಲಿ ಹೊರಟಲ್ಲಿಗೇ ತಂದು ಬಿಡುತ್ತದೆ. ಎಸ್41 ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಸ್42 ವಿರುದ್ಧ ದಿಕ್ಕಿಗೆ. ನಕ್ಷೆಯಲ್ಲಿ ಇದರ ಆಕಾರ ನಾಯಿಯ ತಲೆಯ ಹಾಗಿದೆ ಎಂದು ಇಲ್ಲಿನವರೇ ಹೇಳುತ್ತಾರೆ.

ಕಿಟಕಿ ಪಕ್ಕ ಕೂತು ಫೋನು ಒಳಗಿಡಿ. ಟ್ರೆಪ್ಟೋವರ್ ಪಾರ್ಕ್ ಬಿಟ್ಟು ಓಸ್ಟ್‌ಕ್ರಾಯ್ಟ್ಸ್ ಕಡೆ ಹೋಗುವಾಗ ಷ್ಪ್ರೇ ನದಿ ದಾಟುತ್ತೀರಿ, ನೀರಿನ ನಡುವೆ 30 ಮೀಟರ್ ಎತ್ತರದ, ಮೈತುಂಬ ತೂತುಗಳಿರುವ ಮೂರು ಲೋಹದ ಆಕೃತಿಗಳು ಕಾಣುತ್ತವೆ. ದಕ್ಷಿಣದಲ್ಲಿ ಹೆರ್ಮಾನ್‌ಷ್ಟ್ರಾಸೆ ಮತ್ತು ಟೆಂಪೆಲ್‌ಹೋಫ್ ನಡುವೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ, ಅದು ಹಳೆಯ ವಿಮಾನ ನಿಲ್ದಾಣ. ಉತ್ತರದಲ್ಲಿ ಬಂದರಿನ ಉಗ್ರಾಣಗಳು. ಎಲ್ಲಿ ಹತ್ತುವವರ ಭಾಷೆ ಬದಲಾಯಿತು, ಎಲ್ಲಿ ಕಟ್ಟಡಗಳ ಬಣ್ಣ ಬದಲಾಯಿತು ಎಂದು ಗಮನಿಸಿ. ಇಳಿದು ನೋಡಬೇಕೆನಿಸಿದ ಮೂರು ನಿಲ್ದಾಣಗಳ ಹೆಸರು ಬರೆದುಕೊಳ್ಳಿ. ನೀವು ಕೇಳಿದ ಲಿಸ್ಟ್ ಇದೇ, ನಿಮ್ಮ ಕೈಯಿಂದಲೇ ಬರೆದದ್ದು.

ಈ ಉಂಗುರವನ್ನು 1961ರಲ್ಲಿ, ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳನ್ನು ಬೇರ್ಪಡಿಸಿದ ಗೋಡೆ ಕತ್ತರಿಸಿತು. ಮತ್ತೆ ಪೂರ್ತಿ ಕೂಡಿದ್ದು 2002ರಲ್ಲಿ.

ಎಚ್ಚರಿಕೆ ಒಂದೇ: ಅದೇ ಹಳಿಯ ಮೇಲೆ ಎಸ್45, ಎಸ್46, ಎಸ್8ರಂಥ ರೈಲುಗಳೂ ಓಡುತ್ತವೆ. ಅವು ಅರ್ಧ ದಾರಿಯಲ್ಲಿ ಹೊರಳಿ ಊರಾಚೆ ಹೋಗಿಬಿಡುತ್ತವೆ. ನಂಬರು ನೋಡಿ ಹತ್ತಿ.

ಹಂತ 4: ಒಂದು ಮಾರ್ಗ ಹಿಡಿದು ಇಡೀ ದಿನ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದೊಂದೇ ಹಂತ ಮಾಡಿದರೂ ಸಾಕು. ಯಾವುದಾದರೂ ಒಂದು ಯು-ಬಾನ್ ಮಾರ್ಗ ಆರಿಸಿಕೊಳ್ಳಿ. ಒಂದು ತುದಿಯಿಂದ ಹೊರಟು ನಾಲ್ಕೈದು ಕಡೆ ಇಳಿದು, ಮೇಲೆ ಬಂದು, ಅರ್ಧ ಗಂಟೆ ನಡೆದು, ಮತ್ತೆ ಇಳಿದು ಮುಂದಕ್ಕೆ. ಮೊದಲ ಸಲಕ್ಕೆ ಯು8 ಹಿಡಿಯಿರಿ. ಚೆಂದದ ಮಾರ್ಗವೆಂದಲ್ಲ, ಕೆಲವು ನಿಲ್ದಾಣಗಳು ಕೊಳಕಾಗಿಯೇ ಇವೆ. ಆದರೆ ಊರಿನ ಕತೆ ಇದರಷ್ಟು ನೇರವಾಗಿ ಬೇರೆ ಮಾರ್ಗ ಹೇಳುವುದಿಲ್ಲ.

ದಕ್ಷಿಣ ತುದಿ ಹೆರ್ಮಾನ್‌ಷ್ಟ್ರಾಸೆಯಿಂದ ಹೊರಟು ಲೈನೆಷ್ಟ್ರಾಸೆ ಅಥವಾ ಬೋಡಿನ್‌ಷ್ಟ್ರಾಸೆಯಲ್ಲಿ ಇಳಿದರೆ, ಪಶ್ಚಿಮಕ್ಕೆ ಹತ್ತು ನಿಮಿಷದಲ್ಲಿ ಟೆಂಪೆಲ್‌ಹೋಫ್ ಬಯಲು. 2008ರಲ್ಲಿ ವಿಮಾನ ನಿಲ್ಲಿಸಿ, 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಇಲ್ಲಿ ಮನೆ ಕಟ್ಟುತ್ತೇವೆ ಎಂದು ಸರ್ಕಾರ ಹೊರಟಾಗ 2014ರಲ್ಲಿ ಊರವರು ಮತ ಹಾಕಿ ಬೇಡವೆಂದರು. ಹಾಗಾಗಿ 300 ಹೆಕ್ಟೇರಿಗೂ ಮೀರಿದ ಬಯಲಿನಲ್ಲಿ ಇಂದು ರನ್‌ವೇ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಡಾಂಬರಿನ ಮೇಲೆ ವಿಮಾನಗಳಿಗೆ ಬಳಿದ ಗುರುತುಗಳು ಹಾಗೇ ಇವೆ. ಕತ್ತಲಾಗುತ್ತಿದ್ದಂತೆ ಗೇಟು ಹಾಕುತ್ತಾರೆ, ಆ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಳಗೆ ಹೋಗುವಾಗಲೇ ಗೇಟಿನ ಫಲಕ ಓದಿ. ಬಯಲು ದಾಟಲು ಅರ್ಧ ಗಂಟೆ ಬೇಕು, ಮರೆಯಬೇಡಿ.

ಮುಂದೆ ಷ್ಯೋನ್‌ಲೈನ್‌ಷ್ಟ್ರಾಸೆ. ಮಂಗಳವಾರ ಅಥವಾ ಶುಕ್ರವಾರವಾದರೆ ಕಾಲುವೆ ದಂಡೆಯ ಮೈಬಾಖ್‌ಊಫರ್‌ನಲ್ಲಿ ತುರ್ಕಿ ಸಂತೆ ಇರುತ್ತದೆ. ಸಂಜೆ ಸಂತೆ ಎತ್ತುವ ಹೊತ್ತಿಗೆ ಹೋದರೆ ಹಣ್ಣು, ತರಕಾರಿ ಬುಟ್ಟಿಗಟ್ಟಲೆ ಅಗ್ಗಕ್ಕೆ ಬಿಡುತ್ತಾರೆ. ಕೊತ್ತಂಬರಿ ಕಟ್ಟು ಸೂಪರ್‌ಮಾರ್ಕೆಟ್ಟಿನ ನಾಲ್ಕು ಎಸಳಿನ ಹಾಗಲ್ಲ, ಕೈತುಂಬ ಸಿಗುತ್ತದೆ.

ಮೋರಿಟ್ಸ್‌ಪ್ಲಾಟ್ಸ್ ದಾಟಿದ ಮೇಲೆ ಗಮನವಿಡಿ. ಅಲ್ಲಿಯವರೆಗೆ ನೀವಿದ್ದದ್ದು ಹಳೆಯ ಪಶ್ಚಿಮ ಬರ್ಲಿನ್. ಮುಂದಿನ ಆರು ನಿಲ್ದಾಣ, ಅಂದರೆ ಹೈನ್ರಿಷ್-ಹೈನೆ-ಷ್ಟ್ರಾಸೆ, ಯಾನೋವಿಟ್ಸ್‌ಬ್ರುಕೆ, ಅಲೆಕ್ಸಾಂಡರ್‌ಪ್ಲಾಟ್ಸ್, ವೈನ್‌ಮೈಸ್ಟರ್‌ಷ್ಟ್ರಾಸೆ, ರೋಸೆನ್‌ಥಾಲರ್ ಪ್ಲಾಟ್ಸ್, ಬೆರ್ನೌವರ್ ಷ್ಟ್ರಾಸೆ, ಇದ್ದದ್ದು ಪೂರ್ವದ ನೆಲದಡಿ. ಮತ್ತೆ ಪಶ್ಚಿಮ. 1961ರಿಂದ 1989ರವರೆಗೆ ಪಶ್ಚಿಮದ ಈ ರೈಲು ಪೂರ್ವದ ಕೆಳಗೆ ನಿಲ್ಲದೆ ಹಾಯುತ್ತಿತ್ತು. ಮಂದ ಬೆಳಕಿನ ಖಾಲಿ ಪ್ಲಾಟ್‌ಫಾರ್ಮು, ಕಾವಲಿಗೆ ಗಡಿ ಸೈನಿಕರು. ಇವನ್ನು ದೆವ್ವದ ನಿಲ್ದಾಣಗಳು ಎಂದು ಕರೆಯುತ್ತಿದ್ದರು. ಗೋಡೆ ಬಿದ್ದದ್ದು 1989ರ ನವೆಂಬರ್ 9ರ ರಾತ್ರಿ. ಎರಡೇ ದಿನಕ್ಕೆ, 11ರಂದು, ಯಾನೋವಿಟ್ಸ್‌ಬ್ರುಕೆ ನಿಲ್ದಾಣ ತೆರೆಯಿತು. ಇಂದು ನೀವು ಅದೇ ಸುರಂಗದಲ್ಲಿ ನಿಂತು ಮುಂದಿನ ರೈಲಿಗೆ ನಾಲ್ಕು ನಿಮಿಷ ಎಂದು ಗೊಣಗುತ್ತೀರಿ!

ಬೆರ್ನೌವರ್ ಷ್ಟ್ರಾಸೆಯಲ್ಲಿ ಇಳಿಯಲೇಬೇಕು. ಗೋಡೆಯ ಬಗ್ಗೆ ಒಂದೇ ಜಾಗ ನೋಡುವುದಾದರೆ ಇದನ್ನು ನೋಡಿ, ಗೋಡೆಯ ಉಳಿದ ತುಂಡಿಗೆ ಬಣ್ಣ ಬಳಿದ ಈಸ್ಟ್ ಸೈಡ್ ಗ್ಯಾಲರಿಗೆ ಆಮೇಲೆ ಹೋಗಿ. ಈ ಬೀದಿಯಲ್ಲಿ ಮನೆಗಳ ಮುಂದಿನ ಗೋಡೆಯೇ ಗಡಿಯಾಗಿತ್ತು. ಮನೆ ಪೂರ್ವದಲ್ಲಿ, ಬಾಗಿಲಾಚೆಯ ಫುಟ್‌ಪಾತ್ ಪಶ್ಚಿಮದಲ್ಲಿ. ಜನ ಕಿಟಕಿಗಳಿಂದ ಹಾರಿದರು, ಕೆಲವರು ಬದುಕಲಿಲ್ಲ. ಈಗ ಗೋಡೆಯಿದ್ದ ಸಾಲಿನಲ್ಲಿ ತುಕ್ಕು ಬಣ್ಣದ ಕಬ್ಬಿಣದ ಸರಳುಗಳನ್ನು ನೆಟ್ಟಿದ್ದಾರೆ. ನೇರ ನಿಂತು ನೋಡಿದರೆ ಸಂದಿಯಲ್ಲಿ ಆಚೆ ಬದಿ ಕಾಣುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಸರಳುಗಳೆಲ್ಲ ಕೂಡಿಕೊಂಡು ಗೋಡೆಯೇ ಆಗಿಬಿಡುತ್ತದೆ. ಕಾವಲು ಗೋಪುರದ ಸಮೇತ ಗಡಿಪಟ್ಟಿಯ ಒಂದು ತುಂಡನ್ನು ಇದ್ದ ಹಾಗೆ ಉಳಿಸಿದ್ದಾರೆ, ಎದುರಿನ ಅಟ್ಟಣಿಗೆ ಹತ್ತಿ ಮೇಲಿನಿಂದ ನೋಡಿ. ಟಿಕೆಟ್ ಇಲ್ಲ. ಹತ್ತಿರದ ನೋರ್ಡ್‌ಬಾನ್‌ಹೋಫ್ ಎಸ್-ಬಾನ್ ನಿಲ್ದಾಣದೊಳಗೆ ದೆವ್ವದ ನಿಲ್ದಾಣಗಳ ಬಗ್ಗೆ ಪುಟ್ಟ ಪ್ರದರ್ಶನವಿದೆ, ಅದಕ್ಕೂ ಟಿಕೆಟ್ ಇಲ್ಲ.

ಊರಿನ ನಡುಭಾಗದಲ್ಲಿ ನಡೆಯುವಾಗ ರಸ್ತೆಯಲ್ಲಿ ಎರಡು ಸಾಲು ಕಲ್ಲುಗಳ ಗೆರೆ ಕಂಡರೆ ಅದು ಗೋಡೆ ಹಾದುಹೋದ ಜಾಗ. ಒಮ್ಮೆ ಗುರುತು ಹತ್ತಿದರೆ ಆಮೇಲೆ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ.

ಒಂದು ಮಾರ್ಗ ಮುಗಿದರೆ ತಿಂಗಳಿಗೊಂದರಂತೆ ಮಿಕ್ಕವು.

ಹಂತ 5: ಭಾನುವಾರ ಮತ್ತು ರಾತ್ರಿ

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸೂಪರ್‌ಮಾರ್ಕೆಟ್ ಕೂಡ. ಶನಿವಾರ ರಾತ್ರಿಯೊಳಗೆ ಅಕ್ಕಿ, ಹಾಲು ತಂದಿಡಿ. ಮರೆತರೆ ಹಾಪ್ಟ್‌ಬಾನ್‌ಹೋಫ್‌ನಂಥ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಇಲ್ಲವೇ ಷ್ಪೇಟಿ. ಷ್ಪೇಟಿ ಅಂದರೆ ಹೊತ್ತು ಮೀರಿ ತೆರೆದಿರುವ ಬೀದಿ ಮೂಲೆಯ ಪುಟ್ಟ ಅಂಗಡಿ, ಬೆಲೆ ಸ್ವಲ್ಪ ಜಾಸ್ತಿ. ಭಾನುವಾರಕ್ಕೆಂದೇ ಇರುವುದು ಹಳೆ ಸಾಮಾನಿನ ಸಂತೆಗಳು. ಮೌವರ್‌ಪಾರ್ಕ್‌ನದು ಹೆಸರುವಾಸಿ, ಬೆರ್ನೌವರ್ ಷ್ಟ್ರಾಸೆಯ ಪಕ್ಕದಲ್ಲೇ. ರೂಮಿಗೆ ಬೇಕಾದ ದೀಪ, ಪಾತ್ರೆ ಅಲ್ಲಿ ಸಿಗುತ್ತವೆ. ನಗದು ಇಟ್ಟುಕೊಂಡು ಹೋಗಿ.

ಬಾಟಲಿ ಎಸೆಯಬೇಡಿ. ಬಹುತೇಕ ಬಾಟಲಿ, ಡಬ್ಬಿಗಳ ಬೆಲೆಯಲ್ಲಿ ಠೇವಣಿ ಸೇರಿರುತ್ತದೆ, ಅದಕ್ಕೆ ಫಾಂಡ್ ಎನ್ನುತ್ತಾರೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಡಬ್ಬಿಗೂ 25 ಸೆಂಟ್. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿ ಚೀಟಿ ತೆಗೆದುಕೊಳ್ಳಿ. ಹೊತ್ತು ತಿರುಗಲು ಬೇಸರವಾದರೆ ಕಸದ ಡಬ್ಬಿಯ ಒಳಗಲ್ಲ, ಪಕ್ಕದಲ್ಲಿಡಿ, ಆಯುವವರು ಕೈಹಾಕಿ ಕೆದಕದೆ ತೆಗೆದುಕೊಳ್ಳುತ್ತಾರೆ.

ಶುಕ್ರವಾರ, ಶನಿವಾರ ರಾತ್ರಿ ರೈಲುಗಳು ಬೆಳಗಿನವರೆಗೂ ಓಡುತ್ತವೆ. ವಾರದ ಮಿಕ್ಕ ರಾತ್ರಿಗಳಲ್ಲಿ ಯು-ಬಾನ್ ನಿಂತು, ಎನ್ ಅಕ್ಷರದ ಬಸ್ಸುಗಳು ಅದೇ ದಾರಿಯಲ್ಲಿ ಬರುತ್ತವೆ. ಜನಜಂಗುಳಿಯಲ್ಲಿ, ಮುಖ್ಯವಾಗಿ ಅಲೆಕ್ಸಾಂಡರ್‌ಪ್ಲಾಟ್ಸ್ ಕಡೆ, ಜೇಬಿನ ಮೇಲೆ ಕೈಯಿರಲಿ. ಅರ್ಜಿಗೆ ಸಹಿ ಕೇಳುತ್ತಾ ಬರುವ ಗುಂಪಿನೆದುರು, ಫುಟ್‌ಪಾತಿನಲ್ಲಿ ಮೂರು ಡಬ್ಬಿ ಮಗುಚಿ "ಗೋಲಿ ಎಲ್ಲಿದೆ" ಎನ್ನುವವರೆದುರು ನಿಲ್ಲಬೇಡಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 112.

ಹಂತ 6: ನೆನಪಿನ ಜಾಗಗಳಲ್ಲಿ ನಡೆದುಕೊಳ್ಳುವ ಬಗೆ

ಇಲ್ಲಿ ನಮ್ಮವರು ಗೊತ್ತಿಲ್ಲದೆ ಮಾಡುವ ತಪ್ಪುಗಳಿವೆ, ಅದಕ್ಕೇ ಪ್ರತ್ಯೇಕವಾಗಿ ಹೇಳುತ್ತೇನೆ. ಬ್ರಾಂಡೆನ್‌ಬುರ್ಗ್ ಗೇಟಿನ ಹತ್ತಿರ 2,711 ಕಾಂಕ್ರೀಟ್ ದಿಂಡುಗಳ ಬಯಲಿದೆ. ನಾಜಿಗಳು ಕೊಂದ ಯುರೋಪಿನ ಯಹೂದಿಗಳ ಸ್ಮಾರಕ, 2005ರಲ್ಲಿ ತೆರೆದದ್ದು. ಫೋಟೋಗೆ ಚೆನ್ನಾಗಿ ಬರುತ್ತದೆಂದು ದಿಂಡಿನ ಮೇಲೆ ಹತ್ತಿ, ಹಾರಿ, ಪೋಸು ಕೊಡಬೇಡಿ. ನೆಲದಡಿಯ ಮಾಹಿತಿ ಕೇಂದ್ರಕ್ಕೆ ಮೊದಲು ಹೋಗಿ ಬನ್ನಿ, ಆಮೇಲೆ ನಿಮಗೇ ಕ್ಯಾಮೆರಾ ತೆಗೆಯಲು ಮನಸ್ಸಾಗುವುದಿಲ್ಲ.

ಫುಟ್‌ಪಾತಿನ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆ ಚೌಕಗಳು ಹೊಳೆಯುತ್ತಿರುತ್ತವೆ. ಷ್ಟೋಲ್ಪರ್‌ಷ್ಟೈನ್, ಎಡವುಗಲ್ಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರುಮಾಡಿದ್ದು. "ಇಲ್ಲಿ ವಾಸವಿದ್ದರು" ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಕರೆದೊಯ್ದ ದಿನ, ಎಲ್ಲಿ ಕೊಂದರು ಎಂದಿರುತ್ತದೆ. ಬರ್ಲಿನ್‌ನಲ್ಲೇ 10,000ಕ್ಕೂ ಹೆಚ್ಚಿವೆ. ನಿಮ್ಮ ಹಾಸ್ಟೆಲ್ ಬೀದಿಯಲ್ಲೂ ಇರಬಹುದು. ಓದಲು ತಲೆ ಬಾಗಿಸಲೇಬೇಕು.

ಸ್ವಸ್ತಿಕದ ವಿಷಯದಲ್ಲಿ ಹುಷಾರು. ನಾಜಿ ಚಿಹ್ನೆಗಳನ್ನು ಪ್ರದರ್ಶಿಸುವುದು ಜರ್ಮನಿಯ ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ನಮ್ಮದು ಬೇರೆ, ಶುಭದ ಗುರುತು ಎಂಬುದು ನಿಮಗೆ ಗೊತ್ತು, ಎದುರು ಮನೆಯ ಅಜ್ಜಿಗೆ ಗೊತ್ತಿಲ್ಲ. ಪೂಜೆಯ ಮೂಲೆಯಲ್ಲಿ ಇರಲಿ, ಹೊರಬಾಗಿಲಿನ ರಂಗೋಲಿಯಲ್ಲಿ, ಲ್ಯಾಪ್‌ಟಾಪಿನ ಸ್ಟಿಕ್ಕರಿನಲ್ಲಿ, ಅಂಗಿಯ ಮೇಲೆ ಕಾಣುವ ಪದಕದಲ್ಲಿ ಬೇಡ. ನಾಜಿ ಸೆಲ್ಯೂಟ್ ತಮಾಷೆಗೂ ಬೇಡ, ಅದೂ ಅಪರಾಧ. ಇನ್ನೊಂದು, ಅಪರಿಚಿತರ ಮುಖ ಹಿಡಿದು ಫೋಟೋ ತೆಗೆಯುವುದನ್ನು ಇಲ್ಲಿ ಯಾರೂ ಸಹಿಸುವುದಿಲ್ಲ. ಹಲವು ಕ್ಲಬ್‌ಗಳ ಬಾಗಿಲಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿಯೇ ಒಳಗೆ ಬಿಡುತ್ತಾರೆ.

ಹಂತ 7: ವಿದ್ಯಾರ್ಥಿ ಕಾರ್ಡಿನ ಪೂರ್ತಿ ಲಾಭ, ಅದರಲ್ಲೂ ಚಳಿಗಾಲದಲ್ಲಿ

ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟರ ಮೇಲೆ, ಸಂಜೆ ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಹಾಗಾಗಿ ಬಯಲು, ಕೆರೆಗಳನ್ನು ಬೇಸಿಗೆಗೆ ಇಟ್ಟುಕೊಂಡು, ಚಳಿಗಾಲಕ್ಕೆ ಒಳಾಂಗಣದ ಜಾಗಗಳನ್ನು ಉಳಿಸಿಕೊಳ್ಳಿ. ನವೆಂಬರ್‌ನಲ್ಲಿ ರೂಮಿನಲ್ಲೇ ಕೂತುಬಿಟ್ಟರೆ ಮನಸ್ಸು ಕುಗ್ಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಓದುವ ನೆಪದಲ್ಲೇ ಊರು ನೋಡುವ ಉಪಾಯ ಗ್ರಂಥಾಲಯಗಳು. ಹುಂಬೋಲ್ಟ್ ವಿಶ್ವವಿದ್ಯಾಲಯದ ಗ್ರಿಮ್ ಕೇಂದ್ರದಲ್ಲಿ ಓದುವ ಮೇಜುಗಳು ಗದ್ದೆಯ ಮಡಿಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಊರಿನ ಪಶ್ಚಿಮದಲ್ಲಿರುವ ಫ್ರೀ ವಿಶ್ವವಿದ್ಯಾಲಯದ ಭಾಷಾಶಾಸ್ತ್ರ ಗ್ರಂಥಾಲಯ ಮಿದುಳಿನ ಆಕಾರದ್ದು, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ್ದು. ಸಂಸತ್ ಭವನದ ಗಾಜಿನ ಗುಮ್ಮಟವೂ ಅವರದ್ದೇ. ಗುಮ್ಮಟ ಹತ್ತಲು ಹಣವಿಲ್ಲ, ಆದರೆ ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ನೋಂದಾಯಿಸಬೇಕು. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ, ಪಾಸ್‌ಪೋರ್ಟ್ ಒಯ್ಯಿರಿ.

ಗ್ರಿಮ್ ಕೇಂದ್ರದಲ್ಲಿ ಓದಿ ಹೊರಟಾಗ ಹತ್ತು ನಿಮಿಷ ನಡೆದು ಬೇಬೆಲ್‌ಪ್ಲಾಟ್ಸ್ ಚೌಕಕ್ಕೆ ಹೋಗಿ, ಕತ್ತಲಾದ ಮೇಲೆ. 1933ರ ಮೇ 10ರಂದು ನಾಜಿಗಳು ತಮಗೆ ಬೇಡವಾದ ಪುಸ್ತಕಗಳನ್ನು ಸುಟ್ಟ ಜಾಗ. ಸುಟ್ಟವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು. ಚೌಕದ ನಡುವೆ ನೆಲದಲ್ಲೊಂದು ಗಾಜು. ಹಗಲಲ್ಲಿ ಅದರಲ್ಲಿ ಮೋಡವೂ ನಿಮ್ಮ ಮುಖವೂ ಕಾಣುತ್ತದೆ, ಒಳಗೇನೂ ಕಾಣದು. ರಾತ್ರಿ ಒಳಗಿನ ದೀಪದಲ್ಲಿ ಬಿಳಿಯ ಕಪಾಟುಗಳು, 20,000 ಪುಸ್ತಕ ಹಿಡಿಸುವಷ್ಟು. ಎಲ್ಲ ಖಾಲಿ.

ಮ್ಯೂಸಿಯಂಗಳ ಬಗ್ಗೆ ಹಳೆಯ ಮಾಹಿತಿ ನಂಬಿ ಹೋಗಿ ಬಾಗಿಲು ನೋಡಿ ಬರುವವರು ಬಹಳ. ತಿಂಗಳ ಮೊದಲ ಭಾನುವಾರ ಉಚಿತ ಎಂಬ ವ್ಯವಸ್ಥೆ 2024ರ ಕೊನೆಗೆ ನಿಂತುಹೋಯಿತು. ಪೆರ್ಗಮಾನ್ ಮ್ಯೂಸಿಯಂ ದುರಸ್ತಿಗೆಂದು 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಚ್ಚಿತು. ಉತ್ತರ ಭಾಗವನ್ನು 2027ರಲ್ಲಿ ತೆರೆಯುವ ಯೋಜನೆ, ಬ್ಯಾಬಿಲೋನಿನ ನೀಲಿ ಇಷ್ತಾರ್ ದ್ವಾರವಿರುವ ದಕ್ಷಿಣ ಭಾಗಕ್ಕೆ 2037ರವರೆಗೂ ಕಾಯಬೇಕು. ಪಕ್ಕದ ನೋಯೆಸ್ ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟಿನ ರಾಣಿ ನೆಫೆರ್‌ಟಿಟಿಯ ಶಿಲ್ಪವಿದೆ, ಅವಳ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ. ಟಿಕೆಟ್ ಕೌಂಟರಿನಲ್ಲಿ ಮೊದಲು ವಿದ್ಯಾರ್ಥಿ ಕಾರ್ಡು ತೋರಿಸಿ, ಆಮೇಲೆ ಬೆಲೆ ಕೇಳಿ.

ಚಳಿ ತಡೆಯಲಾಗದ ದಿನ ಡಾಹ್ಲೆಮ್‌ನ ಸಸ್ಯೋದ್ಯಾನ. ಗಾಜಿನ ಮನೆಯೊಳಗೆ ಕಾಲಿಡುತ್ತಿದ್ದಂತೆ ಕನ್ನಡಕ ಮಂಜಾಗುತ್ತದೆ, ಬಾಳೆ ಎಲೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಊಟಕ್ಕೆ ಮೆನ್ಸಾ, ಅಂದರೆ ವಿದ್ಯಾರ್ಥಿ ಕ್ಯಾಂಟೀನು. ಬೇರೆ ವಿಶ್ವವಿದ್ಯಾಲಯದ ಮೆನ್ಸಾದಲ್ಲೂ ನಿಮ್ಮ ಕಾರ್ಡು ನಡೆಯುತ್ತದೆ, ಮಾಂಸವಿಲ್ಲದ ಊಟ ಎಲ್ಲ ಕಡೆ ಉಂಟು.

ವಿಳಾಸ ನೋಂದಣಿಯನ್ನೂ ಸುತ್ತಾಟಕ್ಕೆ ಬಳಸಿಕೊಳ್ಳಿ. ಮನೆ ಸೇರಿದ 14 ದಿನದೊಳಗೆ ಬ್ಯುರ್ಗರ್‌ಆಮ್ಟ್‌ನಲ್ಲಿ, ಅಂದರೆ ನಾಗರಿಕ ಸೇವಾ ಕಚೇರಿಯಲ್ಲಿ, ನೋಂದಾಯಿಸಬೇಕು. ನಿಮ್ಮ ಬಡಾವಣೆಯದೇ ಆಗಬೇಕಿಲ್ಲ, ಬರ್ಲಿನ್‌ನ ಯಾವ ಕಚೇರಿಯಾದರೂ ಸರಿ. ಊರಂಚಿನ ಸ್ಪಾಂಡೌದ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿತೆಂದರೆ ದೂರವೆಂದು ಬಿಡಬೇಡಿ. ಕಾಗದ ಮುಗಿಸಿ ಅಲ್ಲಿನ ಹಳೆಯ ಕೋಟೆ ನೋಡಿಕೊಂಡು ಬನ್ನಿ.

ಹಂತ 8: ನೀರಿನ ಕಡೆಗೆ

ಮೇ ಬಂದ ಮೇಲೆ ಎಸ್1 ಅಥವಾ ಎಸ್7 ಹಿಡಿದು ವಾನ್ಜೆ ಎಂಬ ಕೆರೆಗೆ ಹೋಗಿ. ಎಬಿ ಟಿಕೆಟ್ ಇಟ್ಟುಕೊಂಡು ಎಸ್7ನಲ್ಲಿ ತೂಕಡಿಸಬೇಡಿ, ಮುಂದಿನ ನಿಲ್ದಾಣ ಗ್ರೀಬ್‌ನಿಟ್ಸ್‌ಜೆ ಸಿ ವಲಯ. ಸೆಮಿಸ್ಟರ್ ಪಾಸ್ ಇದ್ದವರು ಹಾಗೇ ಪೋಟ್ಸ್‌ಡಾಮ್‌ವರೆಗೂ ಹೋಗಿ ಸಾನ್ಸೂಸಿ ಅರಮನೆಯ ತೋಟ ಸುತ್ತಬಹುದು.

ವಾನ್ಜೆ ನಿಲ್ದಾಣದಿಂದ ಇಳಿಜಾರಿನಲ್ಲಿ ಐದು ನಿಮಿಷ ನಡೆದರೆ ದೋಣಿಕಟ್ಟೆ. ಅಲ್ಲಿ ಟೂರಿಸ್ಟ್ ಹಡಗುಗಳ ಟಿಕೆಟ್ ಮಾರುವವರನ್ನು ದಾಟಿ ಎಫ್10 ಎಂಬ ಫಲಕ ಹುಡುಕಿ. ಇದು ನಗರ ಸಾರಿಗೆಯದೇ ದೋಣಿ, ನಿಮ್ಮ ಪಾಸೇ ಸಾಕು, ಬೇರೆ ಹಣ ಕೊಡಬೇಕಿಲ್ಲ. ಗಂಟೆಗೊಂದು, ಹೊತ್ತು ನೋಡಿ ಹೋಗಿ. ಬಿಸಿಲಿನ ಭಾನುವಾರ ಸೈಕಲ್ಲುಗಳ ಸಾಲು ಉದ್ದವಿರುತ್ತದೆ, ಜಾಗ ತುಂಬಿದರೆ ಮುಂದಿನದಕ್ಕೆ ಕಾಯಬೇಕು. ಇಪ್ಪತ್ತು ನಿಮಿಷ ಹಾಯಿದೋಣಿಗಳ ನಡುವೆ ಸಾಗಿ ಎದುರು ದಡದ ಕ್ಲಾಡೋ ಎಂಬ ಹಳ್ಳಿಯಂಥ ಬಡಾವಣೆಗೆ ಬಿಡುತ್ತದೆ. ವಾಪಸಾಗಲು ಅದೇ ದೋಣಿ ಕಾಯಬೇಡಿ. ಕ್ಲಾಡೋದಿಂದ ಎಕ್ಸ್34 ಬಸ್ಸು ನೇರ ಜೂ ನಿಲ್ದಾಣಕ್ಕೆ ಹೋಗುತ್ತದೆ. ಡಬಲ್‌ಡೆಕರ್ ಬಂದರೆ ಮೇಲಿನ ಮಹಡಿಯ ಮುಂದಿನ ಸೀಟಿಗೆ ಓಡಿ, ಆದರೆ ಬಸ್ಸು ಹೊರಡುವ ಮುಂಚೆ ಕೂತುಕೊಳ್ಳಿ. ಮೆಟ್ಟಿಲ ಮೇಲಿದ್ದಾಗ ಡ್ರೈವರ್ ನಿಮಗಾಗಿ ಕಾಯುವುದಿಲ್ಲ.